ಮಕ್ಕಳನ್ನು ಹಿಂದೆ ನಿಲ್ಲಿಸಿದ ಆ ಕೋಚ್ ನಾನೇ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಪುಣೆ ಪಕ್ಕದ ಪಿಂಪ್ರಿಯ ಕನ್ನಡಿಗರೊಬ್ಬರು ಬರೆದದ್ದನ್ನು ಓದಿದೆ. ನಿಗಡಿಯಲ್ಲಿ ನಡೆದ, ಅಮೆರಿಕನ್ ಫುಟ್‌ಬಾಲಿನ ಬೀಳಿಸದೆ ಆಡುವ ರೂಪವಾದ, ಮಕ್ಕಳ ಫ್ಲ್ಯಾಗ್ ಫುಟ್‌ಬಾಲ್ ಫೈನಲ್‌ನಲ್ಲಿ ನಮ್ಮ ತಂಡ ಸೋತದ್ದಕ್ಕೆ ಕೋಚ್ ಕಾರಣವಂತೆ. ಮಕ್ಕಳು ಎದುರಿನ ಕಡೆ ಚೆಂಡು ಎಸೆಯುವವರ ಮೇಲೆ ನುಗ್ಗಲು ತುದಿಗಾಲಲ್ಲಿ ನಿಂತಿದ್ದರಂತೆ, ಕೋಚ್ ಮಾತ್ರ ನಾಲ್ಕು ಮಕ್ಕಳನ್ನು ಹಿಂದೆ ನಿಲ್ಲಿಸಿದರಂತೆ. ಹೀಗೆ ಚಿಕ್ಕಂದಿನಲ್ಲೇ ಹೆದರಿಕೆ ಕಲಿಸಿದರೆ ನಮ್ಮ ಮಕ್ಕಳು ಮುಂದೆ ಬರುವುದು ಯಾವಾಗ ಅಂತ ಕೇಳಿದ್ದಾರೆ. ಹೆಸರು ಹಾಕಿಲ್ಲ, ಅದು ಅವರ ದೊಡ್ಡತನ. ಆ ಕೋಚ್ ನಾನೇ.

ಪತ್ರ ಓದಿ ನನಗೆ ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಬ್ಲಿಟ್ಜ್, ಅಂದರೆ ಜಾಸ್ತಿ ಜನರನ್ನು ಒಟ್ಟಿಗೆ ನುಗ್ಗಿಸುವುದು, ಮಾಡಬೇಕಿತ್ತೋ ಬೇಡವೋ ಅಂತ ಕನ್ನಡ ಪತ್ರಿಕೆಯಲ್ಲಿ ಜಗಳ ನಡೆಯುತ್ತದೆ ಅಂದರೆ ಕಡಿಮೆ ಮಾತೇ? ಆದರೆ ಅವರು ಪಂದ್ಯ ನೋಡಿದ ರೀತಿ ತಪ್ಪು. ಯಾಕೆ ತಪ್ಪು ಅಂತ ಬರೆಯಲು ಸ್ವಲ್ಪ ಜಾಗ ಕೊಡಿ. ಉದ್ದ ಆಯಿತು ಅನ್ನಿಸಿದರೆ ಕತ್ತರಿ ಹಾಕಿ, ಕೊನೆಯ ಬೇಡಿಕೆಯನ್ನು ಮಾತ್ರ ಬಿಡಬೇಡಿ.

ನಾನು ಗದಗಿನವಳು. ಧಾರವಾಡದಲ್ಲಿ ಓದುವಾಗ ಕಾಲೇಜಿನ ಕಬಡ್ಡಿ ತಂಡದಲ್ಲಿ ಎಡ ಕಾರ್ನರ್ ಆಡುತ್ತಿದ್ದೆ. ಮದುವೆಯಾಗಿ ಪುಣೆಗೆ ಬಂದೆ. ನಮ್ಮವರದು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಕಂಪನಿ ಅವರನ್ನು ಅಮೆರಿಕದ ಡೆಟ್ರಾಯಿಟ್ ಹತ್ತಿರಕ್ಕೆ ಕಳಿಸಿತು, ನೋವೈ ಅನ್ನುವ ಊರಿಗೆ. ಅಲ್ಲಿ ಮಗ ಶಾಲೆಯ ಗೆಳೆಯರ ಜೊತೆ ಈ ಆಟಕ್ಕೆ ಸೇರಿದ. ಚಳಿಯಲ್ಲಿ ಮೈದಾನದ ಅಂಚಿಗೆ ಸುಮ್ನೆ ಕೂತು ಬೇಜಾರಾಗಿ ನೀರಿನ ಬಾಟಲಿ ತುಂಬಿಕೊಡಲು ಹೋದೆ. ಆಮೇಲೆ ಅಲ್ಲಿನ ಹಿರಿಯ ಕೋಚ್ ಒಬ್ಬರು, ನಾನು ಕಬಡ್ಡಿ ಆಡಿದವಳು ಅಂತ ಗೊತ್ತಾದ ಮೇಲೆ, ಡಿಫೆನ್ಸ್ ಮಕ್ಕಳನ್ನು, ಅಂದರೆ ಎದುರಿನವರನ್ನು ತಡೆಯುವವರನ್ನು, ನನ್ನ ಕೈಗೆ ಕೊಟ್ಟರು. ವಾಪಸ್ ಬಂದ ಮೇಲೆ ನಿಗಡಿ ಪ್ರಾಧಿಕರಣದಲ್ಲಿ ಭಾನುವಾರ ಬೆಳಿಗ್ಗೆ ಕಾಲೊನಿಯ ಮಕ್ಕಳಿಗೆ ಕಲಿಸುತ್ತಿದ್ದೇನೆ. ಅರ್ಧ ಜನ ಮರಾಠಿ ಮಕ್ಕಳು. ಉಳಿದವರಲ್ಲಿ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೇ ಜಾಸ್ತಿ. ಕೆಲವರು ನನ್ನನ್ನು ಅಕ್ಕಾ ಅನ್ನುತ್ತಾರೆ, ಕೆಲವರು ಮಾವಶಿ ಅನ್ನುತ್ತಾರೆ. ಕೋಚ್ ಅನ್ನುವವರು ಯಾರೂ ಇಲ್ಲ.

ಈ ಆಟ ನೋಡದ ಓದುಗರಿಗಾಗಿ ನಾಲ್ಕು ಮಾತು. ಅಮೆರಿಕನ್ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವುದು ಅಂತ ನಮ್ಮಲ್ಲಿ ತಿಳಿದಿದ್ದಾರೆ. ಗುದ್ದಾಟ ಇದೆ, ಇಲ್ಲ ಅನ್ನಲ್ಲ. ಲೆಕ್ಕಾಚಾರ ಅದಕ್ಕಿಂತ ಜಾಸ್ತಿ ಇದೆ. ಒಂದೊಂದು ಕಡೆ 11 ಜನ. 100 ಗಜದ ಮೈದಾನ, ಎರಡೂ ತುದಿಯಲ್ಲಿ 10 ಗಜದ ಎಂಡ್ ಜೋನ್. ಚೆಂಡನ್ನು ಎದುರಿನವರ ಎಂಡ್ ಜೋನ್ ಮುಟ್ಟಿಸಿದರೆ ಟಚ್‌ಡೌನ್, ಅಂಕ ಸಿಗುತ್ತದೆ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಹೋಗದಿದ್ದರೆ ಚೆಂಡು ಎದುರಿನವರ ಪಾಲು. ಸೆಂಟರ್ ಅನ್ನುವವನು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಟ್ಟ ಕ್ಷಣದಿಂದ ಆಟ ಶುರು. ಅದಕ್ಕೆ ಸ್ನ್ಯಾಪ್ ಅನ್ನುತ್ತಾರೆ. ತೆಗೆದುಕೊಂಡವನು ಕ್ವಾರ್ಟರ್‌ಬ್ಯಾಕ್. ಅವನು ಚೆಂಡನ್ನು ಎಸೆಯಬಹುದು, ಪಕ್ಕದವನ ಕೈಗೆ ಕೊಟ್ಟು ಓಡಿಸಬಹುದು. ಫ್ಲ್ಯಾಗ್ ಆಟದಲ್ಲಿ ಯಾರನ್ನೂ ಬೀಳಿಸುವಂತಿಲ್ಲ. ಸೊಂಟದ ಬೆಲ್ಟಿಗೆ ಪಟ್ಟಿ ನೇತಾಡುತ್ತಿರುತ್ತದೆ, ಅದನ್ನು ಕಿತ್ತರೆ ಹಿಡಿದ ಲೆಕ್ಕ. ಹೆಲ್ಮೆಟ್ಟು, ಭುಜದ ಪ್ಯಾಡು ತರಿಸುವ ದುಡ್ಡು ನಮ್ಮ ಹತ್ತಿರ ಎಲ್ಲಿದೆ? ಹಾಗಾಗಿ ಇಲ್ಲಿ ಮಕ್ಕಳು ಆಡುವುದು ಇದನ್ನೇ.

ಪುಣೆಗೆ ಈ ಆಟ ತೀರಾ ಹೊಸದೂ ಅಲ್ಲ. 2011ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಅಂತ ಒಂದು ಶುರುವಾಗಿತ್ತು. ಪುಣೆ ಮರಾಠಾಸ್, ಮುಂಬೈ ಗ್ಲೇಡಿಯೇಟರ್ಸ್, ಬೆಂಗಳೂರು ವಾರ್‌ಹಾಕ್ಸ್ ಅಂತೆಲ್ಲ ತಂಡಗಳಿದ್ದವು. ಅದರ ಹಿಂದೆ ನಿಂತವರಲ್ಲಿ ಬ್ರ್ಯಾಂಡನ್ ಚಿಲ್ಲರ್ ಒಬ್ಬರು. ಭಾರತ ಮೂಲದ ತಂದೆಯ ಮಗ, ಅಮೆರಿಕದ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಲೈನ್‌ಬ್ಯಾಕರ್ ಆಗಿ, ಅಂದರೆ ತಡೆಯುವ ಕಡೆಯ ಎರಡನೇ ಸಾಲಿನಲ್ಲಿ ನಿಂತು, ಆಡಿದವರು. ಬ್ಲಿಟ್ಜ್ ಅಂದಾಗ ಸಾಮಾನ್ಯವಾಗಿ ನುಗ್ಗುವುದು ಈ ಲೈನ್‌ಬ್ಯಾಕರ್‌ಗಳೇ. ಆ ಲೀಗಿನ ಸದ್ದು ಬೇಗ ಅಡಗಿತು. ಅದಿರಲಿ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ದೊಡ್ಡವರ ಆಟದಲ್ಲಿ ಸಾಮಾನ್ಯವಾಗಿ ನಾಲ್ಕು ಜನ ಕ್ವಾರ್ಟರ್‌ಬ್ಯಾಕ್ ಮೇಲೆ ಹೋಗುತ್ತಾರೆ, ಏಳು ಜನ ಹಿಂದೆ ಇದ್ದು ಎಸೆತ ಕಾಯುತ್ತಾರೆ. ಐದನೆಯವನೋ ಆರನೆಯವನೋ ಇದ್ದಕ್ಕಿದ್ದಂತೆ ನುಗ್ಗಿದರೆ ಅದು ಬ್ಲಿಟ್ಜ್. ತಡೆಯುವವರ ಲೆಕ್ಕ ತಪ್ಪುತ್ತದೆ, ಒಬ್ಬ ಖಾಲಿ ಸಂದಿಯಲ್ಲಿ ಒಳಗೆ ಬಂದುಬಿಡುತ್ತಾನೆ. ನೋಡಲು ಚೆಂದ. ಗ್ಯಾಲರಿಯಲ್ಲಿ ಕೂತವರಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ. ಆದರೆ ನುಗ್ಗಿದವನು ಬಿಟ್ಟು ಬಂದ ಜಾಗ ಇರುತ್ತದಲ್ಲ, ಅದು ಖಾಲಿ. ಆ ಜಾಗವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದೇ ಬ್ಲಿಟ್ಜ್ ಕಲಿಸುವವರ ಮೊದಲ ಕೆಲಸ. ಪಿಂಪ್ರಿಯ ಮಹನೀಯರು ನೋಡಿದ್ದು ನುಗ್ಗುವವನನ್ನು. ನಾನು ನೋಡುವುದು ಆ ಖಾಲಿ ಜಾಗವನ್ನು.

ನಮ್ಮ ಟೂರ್ನಮೆಂಟಿನಲ್ಲಿ ಏಳು ಏಳು ಮಕ್ಕಳ ಆಟ. ಚೆಂಡು ಇರುವ ಕಡೆ ಸೆಂಟರ್, ಅವನ ಎರಡು ಪಕ್ಕಕ್ಕೆ ಇಬ್ಬರು ಗಾರ್ಡ್, ಹಿಂದೆ ಕ್ವಾರ್ಟರ್‌ಬ್ಯಾಕ್, ಅವನ ಜೊತೆ ಓಡುವ ಒಬ್ಬ, ಎರಡು ಅಂಚಿನಲ್ಲಿ ಇಬ್ಬರು ರಿಸೀವರ್. ಅಂದರೆ ಅಡ್ಡ ನಿಂತು ತಡೆಯುವವರು ಮೂವರು, ಚೆಂಡು ಪಡೆದು ಓಡಬಲ್ಲವರು ಮೂವರು. ನಾನು ಮೂವರನ್ನು ಕಳಿಸಿದರೆ ನಾಲ್ವರು ಉಳಿಯುತ್ತಾರೆ. ಆ ಮೂವರಿಗೆ ಒಬ್ಬೊಬ್ಬರು, ಎಲ್ಲರ ಹಿಂದೆ ಕಾವಲಿಗೆ ಇನ್ನೊಬ್ಬರು. ನಾಲ್ವರನ್ನು ಕಳಿಸಿದರೆ ಹಿಂದಿನ ಕಾವಲು ಹೋಯಿತು. ಐವರನ್ನು ಕಳಿಸಿದರೆ ಒಬ್ಬ ಪೂರ್ತಿ ಖಾಲಿ, ಅವನ ಹತ್ತಿರ ಯಾರೂ ಇಲ್ಲ. ಏಳೂ ಜನರನ್ನು ಕಳಿಸಿದರೆ? ಅದನ್ನೇ ಅಲ್ವಾ ಅವರು ಕೇಳುತ್ತಿರುವುದು.

ಏಳೂ ಜನ ನುಗ್ಗಿದರೆ ಗೆಲ್ಲುವುದಿಲ್ಲ ಅಂತ ನಾನು ಹೇಳುವುದಿಲ್ಲ. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಗೆಲ್ಲುತ್ತದೆ, ಅದೂ ಸಲೀಸಾಗಿ. ಆ ವಯಸ್ಸಿನ ಕ್ವಾರ್ಟರ್‌ಬ್ಯಾಕ್ ಕೈ ಚಿಕ್ಕದು, ಚೆಂಡು ದೊಡ್ಡದು. ಹೊಲಿಗೆಯ ಮೇಲೆ ಬೆರಳು ಇಟ್ಟುಕೊಳ್ಳಲೇ ಹೊತ್ತು ಬೇಕು. ತಲೆ ಎತ್ತಿ ನೋಡುವಷ್ಟರಲ್ಲಿ ಏಳು ಮಕ್ಕಳು ಕಿರುಚುತ್ತ ಎದುರಿಗೆ ಬಂದರೆ ಆ ಮಗು ಚೆಂಡನ್ನು ಕೆಳಗೆ ಬಿಡುತ್ತದೆ, ಇಲ್ಲಾ ತಿರುಗಿ ಓಡುತ್ತದೆ. ಅಂಥ ತಂಡಕ್ಕೆ ಕಪ್ಪು ಖಾತ್ರಿ. ಆದರೆ ಅಲ್ಲಿ ಎರಡೂ ಕಡೆಯ ಮಕ್ಕಳು ಏನೂ ಕಲಿಯಲಿಲ್ಲ. ಒಬ್ಬರು ಎಸೆಯುವುದನ್ನು ಕಲಿಯಲಿಲ್ಲ, ಇನ್ನೊಬ್ಬರು ತಡೆಯುವುದನ್ನು ಕಲಿಯಲಿಲ್ಲ. ಎರಡು ವರ್ಷ ಬಿಟ್ಟು ಅದೇ ಕ್ವಾರ್ಟರ್‌ಬ್ಯಾಕ್‌ಗೆ ಕೈ ಬಲಿತ ಮೇಲೆ ಆ ಏಳು ಜನರ ಗತಿ ಏನು? ಕಪ್ಪು ಗೆದ್ದ ಕೋಚ್ ಅಷ್ಟರಲ್ಲಿ ಮುಂದಿನ ಬ್ಯಾಚಿನ ಚಿಕ್ಕ ಮಕ್ಕಳಿಗೆ ಅದನ್ನೇ ಕಲಿಸುತ್ತಿರುತ್ತಾರೆ.

ದೊಡ್ಡವರ ಆಟದಲ್ಲೇ ಇದಕ್ಕೆ ಸಾಕ್ಷಿ ಇದೆ. 1985ರ ಶಿಕಾಗೊ ಬೇರ್ಸ್ ತಂಡದ ಡಿಫೆನ್ಸ್ ಬಗ್ಗೆ ಅಮೆರಿಕದಲ್ಲಿ ಇವತ್ತಿಗೂ ಮಾತಾಡುತ್ತಾರೆ. ಬಡ್ಡಿ ರಯನ್ ಅನ್ನುವವರು ಕಟ್ಟಿದ್ದು, ಹೆಸರು 46. ಡಗ್ ಪ್ಲ್ಯಾಂಕ್ ಅನ್ನುವ ಆಟಗಾರನ ಜೆರ್ಸಿ ನಂಬರ್ ಅದು. ಎಂಟು ಜನರನ್ನು ಮುಂದೆ ತಂದು ನಿಲ್ಲಿಸಿ, ಯಾರು ಬರುತ್ತಾರೆ, ಯಾರು ಬರುವುದಿಲ್ಲ ಅಂತ ಎದುರಿನವರಿಗೆ ಗೊತ್ತಾಗದ ಹಾಗೆ ಮಾಡುತ್ತಿದ್ದರು. 1986ರ ಜನವರಿಯಲ್ಲಿ ಅಲ್ಲಿನ ಲೀಗಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮೇಲೆ 46-10ರಿಂದ ಗೆದ್ದರು. ಇಷ್ಟು ಎಲ್ಲರೂ ಹೇಳುತ್ತಾರೆ. ಆ ಇಡೀ ಸೀಸನ್‌ನಲ್ಲಿ ಅವರು ಒಂದೇ ಒಂದು ಪಂದ್ಯ ಸೋತರು, ಅದನ್ನು ಯಾರೂ ಹೇಳುವುದಿಲ್ಲ. 1985ರ ಡಿಸೆಂಬರ್ 2ರಂದು ಮಯಾಮಿಯಲ್ಲಿ, 38-24. ಎದುರಿಗೆ ಇದ್ದ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರೀನೊ. ಅವರ ಕೈಯಿಂದ ಚೆಂಡು ಹೋಗುವ ವೇಗ ಎಷ್ಟೆಂದರೆ ನುಗ್ಗಿದವರು ಹತ್ತಿರ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಅಂಥ ಡಿಫೆನ್ಸಿಗೇ ಹೀಗಾದರೆ ನಮ್ಮ ನಿಗಡಿ ಹುಡುಗರ ಪಾಡು ಹೇಳಬೇಕೆ?

ನನಗೆ ಇಷ್ಟ ಆದವರು ಡಿಕ್ ಲೆಬೋ ಅನ್ನುವ ಕೋಚ್. 1980ರ ದಶಕದಲ್ಲಿ ಸಿನ್ಸಿನಾಟಿಯಲ್ಲಿ, ಆಮೇಲೆ ಪಿಟ್ಸ್‌ಬರ್ಗ್‌ನಲ್ಲಿ ಜೋನ್ ಬ್ಲಿಟ್ಜ್ ಅನ್ನುವುದನ್ನು ಬೆಳೆಸಿದವರು. ಹಿಂದೆ ನಿಂತಿದ್ದ ಒಬ್ಬ ನುಗ್ಗುತ್ತಾನೆ, ಅದೇ ಹೊತ್ತಿಗೆ ಮುಂದಿನ ಸಾಲಿನ ದಪ್ಪನೆಯ ಒಬ್ಬ ಆಟಗಾರ ಹಿಂದಕ್ಕೆ ಸರಿದು ಆ ಜಾಗ ಮುಚ್ಚುತ್ತಾನೆ. ಕ್ವಾರ್ಟರ್‌ಬ್ಯಾಕ್ ಗಾಬರಿಯಾಗಿ, ಖಾಲಿ ಇರಬೇಕಾದ ಕಡೆಗೆ ಎಸೆಯುತ್ತಾನೆ. ಅಲ್ಲಿ ಈ ದಪ್ಪ ಮನುಷ್ಯ ನಿಂತಿರುತ್ತಾನೆ! ನುಗ್ಗುವವರ ಸಂಖ್ಯೆ ಜಾಸ್ತಿ ಮಾಡದೆಯೇ ಜಾಸ್ತಿ ಜನ ಬಂದ ಹಾಗೆ ಕಾಣಿಸುವುದು. ಇದನ್ನು ಹತ್ತು ವರ್ಷದ ಮಕ್ಕಳಿಗೆ ಕಲಿಸಬಹುದಾ ಅಂತ ಕೇಳುತ್ತೀರಿ. ಕಲಿಸಬಹುದು.

ಹೇಗೆ ಅಂತ ಹೇಳುತ್ತೇನೆ. ಪುಣೆಯ ತುಳಶೀಬಾಗ್‌ನಲ್ಲಿ ಕೂದಲಿಗೆ ಕಟ್ಟುವ ರಬ್ಬರ್ ಬ್ಯಾಂಡು ಸಿಗುತ್ತದಲ್ಲ, ಕೆಂಪು ಮತ್ತು ಹಸಿರು ತಂದಿಟ್ಟಿದ್ದೇನೆ. ಪ್ರತಿ ಮಗುವಿನ ಎರಡೂ ಮಣಿಕಟ್ಟಿಗೆ ಒಂದೊಂದು. ಆಟಕ್ಕೆ ಮುಂಚೆ ನಾನು ಬಣ್ಣ ಕೂಗುವುದಿಲ್ಲ, ಬೆರಳು ತೋರಿಸುತ್ತೇನೆ. ಕೆಂಪಾದರೆ ಹೋಗಬೇಕು, ಹಸಿರಾದರೆ ಕಾಯಬೇಕು. ಅಕ್ಕಪಕ್ಕದ ಇಬ್ಬರು ಮಕ್ಕಳದು ಯಾವಾಗಲೂ ಜೋಡಿ. ಒಬ್ಬ ಕೆಂಪಾದರೆ ಇನ್ನೊಬ್ಬ ಹಸಿರೇ. ಹೋಗುವವನು ಹೊರಡುವ ಮುಂಚೆ ಜೊತೆಯವನ ತೋಳು ಮುಟ್ಟಬೇಕು. ಮುಟ್ಟದೆ ಹೋದರೆ ಆಟ ನಿಲ್ಲಿಸುತ್ತೇನೆ, ಕ್ವಾರ್ಟರ್‌ಬ್ಯಾಕ್‌ನ ಪಟ್ಟಿ ಕಿತ್ತಿದ್ದರೂ ಸರಿ. ಮೊದಮೊದಲು ಇದಕ್ಕೆ ಅಳು, ಜಗಳ ಎಲ್ಲ ಆಯಿತು. ಈಗ ಜೋಡಿಯವರೇ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ, ನನಗೆ ಗಂಟಲು ಉಳಿಯಿತು.

ಅಡ್ಡ ನಿಂತ ಮೂವರ ನಡುವಿನ ಸಂದಿಗಳಿಗೆ ಅಮೆರಿಕದಲ್ಲಿ ಎ, ಬಿ, ಸಿ ಅಂತ ಅಕ್ಷರ ಇಡುತ್ತಾರೆ. ಸೆಂಟರ್ ಮತ್ತು ಗಾರ್ಡ್ ನಡುವೆ ಎ, ಅದರ ಆಚೆ ಬಿ. ನಮ್ಮ ಮಕ್ಕಳು ತಾವೇ ಒಳಗಲ್ಲಿ, ಹೊರಗಲ್ಲಿ ಅಂತ ಹೆಸರಿಟ್ಟುಕೊಂಡರು. ಒಂದು ಗಲ್ಲಿಗೆ ಒಬ್ಬನೇ. ಇಬ್ಬರು ಒಂದೇ ಗಲ್ಲಿಗೆ ನುಗ್ಗಿದರೆ ಎದುರಿನ ಒಬ್ಬ ಹುಡುಗ ಇಬ್ಬರನ್ನೂ ತಡೆದ ಹಾಗಾಯಿತು, ನಷ್ಟ ನಮಗೇ. ಹೊರಗಲ್ಲಿಗೆ ಹೋದವನು ಒಳಗಡೆ ಎಷ್ಟೇ ಆಸೆ ಹುಟ್ಟಿದರೂ ಒಳಗೆ ತಿರುಗಬಾರದು. ಅವನ ಹೊರಗಿನ ಕೈ ಯಾವಾಗಲೂ ಬಿಡುವಾಗಿರಬೇಕು. ಚೆಂಡು ಅಂಚಿಗೆ ಓಡಿ ಬಂದರೆ ಅದನ್ನು ಒಳಗೆ ತಿರುಗಿಸುವುದು ಅವನ ಕೆಲಸ, ಹಿಡಿಯುವುದು ಬೇರೆಯವರ ಕೆಲಸ. ಇದು ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ. ಹಿಡಿದವನಿಗೆ ಚಪ್ಪಾಳೆ ಸಿಗುತ್ತದೆ, ತಿರುಗಿಸಿದವನನ್ನು ಯಾರೂ ನೋಡುವುದಿಲ್ಲ.

ಇನ್ನೊಂದು ಅಭ್ಯಾಸ ಇದೆ. ಹಳೆಯ ಮಾಪಿನ ಕೋಲಿಗೆ ಸೈಕಲ್ ಟ್ಯೂಬಿನಿಂದ ಚೆಂಡು ಕಟ್ಟಿ ನೆಲದ ಮೇಲೆ ಇಟ್ಟುಕೊಂಡು ನಿಲ್ಲುತ್ತೇನೆ. ಮಕ್ಕಳು ಎದುರಿಗೆ ಬಗ್ಗಿ ನಿಲ್ಲುತ್ತಾರೆ. ನಾನು ಕೂಗುತ್ತೇನೆ, ಕಾಲು ಬಡಿಯುತ್ತೇನೆ, ಸೀನುತ್ತೇನೆ, ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತೇನೆ. ಅಲುಗಾಡಬಾರದು. ಚೆಂಡು ಒಂದು ಬೆರಳಷ್ಟು ಅಲುಗಿದರೆ ಹೊರಡಬೇಕು. ಎದುರು ತಂಡದ ಕ್ವಾರ್ಟರ್‌ಬ್ಯಾಕ್ ಬೇಕಂತಲೇ ದನಿ ಏರಿಸಿ ಮೋಸ ಮಾಡುತ್ತಾನೆ. ಕಿವಿ ನಂಬಿ ಮೊದಲೇ ಗೆರೆ ದಾಟಿದರೆ 5 ಗಜ ದಂಡ. ಮಳೆಗಾಲದಲ್ಲಿ ಇದು ಇನ್ನೂ ಮಜಾ. ಮೈದಾನ ಪೂರ್ತಿ ಕೆಸರು, ಚೆಂಡಿನ ಮೇಲೆ ನೀರು ಹರಿಯುತ್ತಿರುತ್ತದೆ, ಏಳು ಮಕ್ಕಳು ಮೂಗಿನ ತುದಿಯಿಂದ ನೀರು ತೊಟ್ಟಿಕ್ಕಿದರೂ ಒರೆಸಿಕೊಳ್ಳದೆ ಆ ಚೆಂಡನ್ನೇ ದುರುಗುಟ್ಟಿ ನೋಡುತ್ತಿರುತ್ತವೆ. ಶಾಲೆಯಲ್ಲಿ ಐದು ನಿಮಿಷ ಕೂರುವುದಿಲ್ಲ ಅಂತ ದೂರು ಬಂದ ಹುಡುಗ ಇಲ್ಲಿ ಕಲ್ಲಿನ ಹಾಗೆ ನಿಂತಿರುತ್ತಾನೆ. ಹೆದರಿಕೆ ಕಲಿಸುತ್ತಾಳೆ ಅಂದವರು ಒಂದು ಭಾನುವಾರ ಬಂದು ಇದನ್ನು ನೋಡಲಿ.

ಕಬಡ್ಡಿ ಗೊತ್ತಿದ್ದವರಿಗೆ ಇಷ್ಟೆಲ್ಲ ಹೇಳುವ ಅಗತ್ಯವೇ ಇಲ್ಲ. ಅಲ್ಲೂ ಏಳು ಜನ, ಅಲ್ಲೂ ಕಾರ್ನರ್, ಕವರ್ ಇದ್ದಾರೆ. ಕಾರ್ನರ್ ಆದವಳು ರೇಡರ್‌ನ ಕಾಲಿಗೆ ಬೀಳುವ ಮುಂಚೆ ಪಕ್ಕದ ಕವರ್ ಎಲ್ಲಿದ್ದಾಳೆ ಅಂತ ಕಣ್ಣಂಚಲ್ಲಿ ನೋಡಿರುತ್ತಾಳೆ. ಕವರ್ ಬರದೆ ಇದ್ದರೆ ಕಾಲು ಹಿಡಿದರೂ ರೇಡರ್ ಎಳೆದುಕೊಂಡೇ ಗೆರೆ ಮುಟ್ಟುತ್ತಾಳೆ. ಅವಸರಪಟ್ಟು ಬೀಳುವುದಕ್ಕೆ ಅಡ್ವಾನ್ಸ್ ಟ್ಯಾಕಲ್ ಅಂತ ಬೈಯುತ್ತಾರೆ, ಪಾಯಿಂಟು ಹೋಗುತ್ತದೆ. 2024ರಲ್ಲಿ ಪುಣೇರಿ ಪಲ್ಟನ್ ಪ್ರೊ ಕಬಡ್ಡಿ ಗೆದ್ದಾಗ ಇಡೀ ಪುಣೆ ಕುಣಿಯಿತು. ಆ ತಂಡದ ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಬಾಲೇವಾಡಿಯಲ್ಲಿ ಪಂದ್ಯ ಇದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ರೇಡರ್‌ನನ್ನು ನೋಡಬೇಡಿ, ಹಿಡಿಯುವವನನ್ನೂ ನೋಡಬೇಡಿ, ಅವನ ಪಕ್ಕದವನ ಕಾಲು ನೋಡಿ ಅಂದೆ. ಮುಂದಿನ ಭಾನುವಾರ ಯಾರಿಗೂ ತೋಳು ಮುಟ್ಟು ಅಂತ ಹೇಳಬೇಕಾಗಲಿಲ್ಲ.

ಇನ್ನು ಆ ಫೈನಲ್. ಎದುರಿನ ತಂಡದ ಕ್ವಾರ್ಟರ್‌ಬ್ಯಾಕ್ ಒಬ್ಬಳು ಎಡಗೈ ಹುಡುಗಿ. ಅವಳ ಸೆಮಿಫೈನಲ್ ನಾನು ಪೂರ್ತಿ ನೋಡಿದ್ದೆ. ಅಲ್ಲಿ ಅವಳ ಎದುರಿನವರು ಪ್ರತಿ ಸಲವೂ ಏಳೂ ಜನರನ್ನು ಕಳಿಸಿದರು. ಅವಳು ಮನಸ್ಸಿನಲ್ಲಿ ಎರಡು ಎಣಿಸುವಷ್ಟರಲ್ಲಿ ಚೆಂಡನ್ನು ಅವರ ತಲೆ ಮೇಲಿಂದ ಸಣ್ಣಗೆ ಎತ್ತಿ ಹಾಕುತ್ತಿದ್ದಳು. ಹಿಡಿದವನ ಮುಂದೆ ಎಂಡ್ ಜೋನ್ ತನಕ ಒಂದು ನರಪಿಳ್ಳೆ ಇರಲಿಲ್ಲ. ಅಷ್ಟು ನೋಡಿದ ಮೇಲೂ ನಾನು ಏಳು ಜನರನ್ನು ಕಳಿಸಬೇಕಿತ್ತೇ? ಮೂವರನ್ನು ಕಳಿಸಿದೆ, ಆ ಮೂವರು ಯಾರು ಅನ್ನುವುದನ್ನು ಪ್ರತಿ ಸಲ ಬದಲಾಯಿಸಿದೆ. ಒಮ್ಮೆ ಒಳಗಲ್ಲಿಯ ಹುಡುಗ ಹಿಂದೆ ಸರಿದು ಅವಳ ಎಸೆತವನ್ನು ಹಿಡಿದೇಬಿಟ್ಟ, ಸೀದಾ ಲೆಬೋ ಪಾಠ. ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ನಾವು ಸೋತದ್ದು ಒಂದು ಟಚ್‌ಡೌನ್‌ನಿಂದ. ಅದು ಹೇಗಾಯಿತು ಅನ್ನುವುದನ್ನೂ ಹೇಳುತ್ತೇನೆ. ಆ ಹುಡುಗಿ ಚೆಂಡನ್ನು ಬಲಕ್ಕೆ ಓಡುವವನ ಕೈಗೆ ಕೊಟ್ಟಳು. ಅವನು ಓಡುತ್ತ ಓಡುತ್ತ ಎದುರಿನಿಂದ ಎಡಕ್ಕೆ ಬರುತ್ತಿದ್ದ ಇನ್ನೊಬ್ಬಳ ಕೈಗೆ ಕೊಟ್ಟ. ಇದಕ್ಕೆ ರಿವರ್ಸ್ ಅನ್ನುತ್ತಾರೆ. ಜಾಸ್ತಿ ನುಗ್ಗುವವರಿಗೆ ಅಂತಲೇ ಇರುವ ಮದ್ದು ಅದು. ಆ ಎಡಬದಿಯಲ್ಲಿ ನಮ್ಮ ಹುಡುಗ ಒಬ್ಬ ಹಸಿರು ತೋರಿಸಿಕೊಂಡು ಸರಿಯಾಗಿ ನಿಂತಿದ್ದ. ಅವನು ಅಲ್ಲೇ ಇದ್ದಿದ್ದರೆ ಅವಳು ಒಳಗೆ ತಿರುಗಬೇಕಿತ್ತು, ಅಲ್ಲಿ ಇಬ್ಬರು ಕಾಯುತ್ತಿದ್ದರು. ಅಷ್ಟರಲ್ಲಿ ಗೆರೆಯ ಆಚೆಯಿಂದ ಯಾರೋ "ಏ ಓಡಲೇ, ಹಿಡೀ ಅವನ್ನ!" ಅಂತ ಕೂಗಿದರು. ಅಲ್ಲಿ ಕೂಗುತ್ತಿದ್ದವರು ಹತ್ತಾರು ಜನ, ಎಲ್ಲರೂ ಮರಾಠಿಯಲ್ಲಿ. ಇದೊಂದು ಮಾತ್ರ ಅಚ್ಚ ಕನ್ನಡ. ನಮ್ಮ ಹುಡುಗನಿಗೆ ಆ ದನಿ ಗುರುತಿನದು. ಜಾಗ ಬಿಟ್ಟು ಒಳಗೆ ಓಡಿದ. ಆ ಹುಡುಗಿ ಅವನು ಬಿಟ್ಟ ಜಾಗದಲ್ಲೇ ಹಾದು ಹೋದಳು. ಕೂಗಿದವರು ಯಾರು ಅಂತ ನಾನು ಬರೆಯುವುದಿಲ್ಲ. ಅವರೂ ನನ್ನ ಹೆಸರು ಬರೆದಿಲ್ಲವಲ್ಲ.

ಹುಡುಗನದು ಏನೂ ತಪ್ಪಿಲ್ಲ. ಮನೆಯಲ್ಲಿ ಹೇಳಿದ ಮಾತು ಕೇಳು ಅಂತ ಕಲಿಸಿದ್ದೇವೆ, ಕೇಳಿದ.

ಈಗ ಬೇಡಿಕೆ. ಅಮೆರಿಕದಲ್ಲಿ ಮಕ್ಕಳಿಗಾಗಿ ಪಾಪ್ ವಾರ್ನರ್ ಅನ್ನುವ ದೊಡ್ಡ ಸಂಸ್ಥೆ ಇದೆ, 1929ರಲ್ಲಿ ಶುರುವಾದದ್ದು. ಆಟ ಹುಟ್ಟಿದ ದೇಶದಲ್ಲೇ ಅವರು ಚಿಕ್ಕ ಮಕ್ಕಳಿಗೆ ನಿಯಮ ಬಿಗಿ ಮಾಡುತ್ತ ಬಂದಿದ್ದಾರೆ. 2012ರಲ್ಲಿ ಅಭ್ಯಾಸದ ಹೊತ್ತಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮೈಗೆ ಮೈ ತಾಗಿಸುವಂತಿಲ್ಲ ಅಂದರು. 2016ರಲ್ಲಿ ಅದನ್ನು ನಾಲ್ಕನೇ ಒಂದಕ್ಕೆ ಇಳಿಸಿದರು. ಅದೇ ವರ್ಷ ತೀರಾ ಚಿಕ್ಕ ವಯಸ್ಸಿನ ಗುಂಪುಗಳಲ್ಲಿ ಕಿಕಾಫ್, ಅಂದರೆ ಚೆಂಡನ್ನು ದೂರ ಒದ್ದು ಎದುರಿನವರಿಗೆ ಕೊಡುವುದನ್ನೇ, ತೆಗೆದರು. ಚಿಕ್ಕವರ ಎಷ್ಟೋ ಲೀಗುಗಳಲ್ಲಿ ಬ್ಲಿಟ್ಜ್ ಮಾಡುವಂತೆಯೇ ಇಲ್ಲ, ಲೈನ್‌ಬ್ಯಾಕರ್ ಇಷ್ಟು ಗಜ ಹಿಂದೆಯೇ ನಿಲ್ಲಬೇಕು ಅಂತ ಇರುತ್ತದೆ. ಅಲ್ಲಿ ಬೀದಿಯಲ್ಲಿ ಆಡುವ ಮಕ್ಕಳಿಗೂ ಇದು ಗೊತ್ತು. ಒಂದು ಮಿಸಿಸಿಪಿ, ಎರಡು ಮಿಸಿಸಿಪಿ ಅಂತ ಸೆಕೆಂಡಿನ ಲೆಕ್ಕದಲ್ಲಿ ಐದರ ತನಕ ಎಣಿಸಿ ಆಮೇಲೆ ನುಗ್ಗುತ್ತಾರೆ. ನಮ್ಮ ಮಕ್ಕಳು ಒಂದು ಪಿಂಪ್ರಿ, ಎರಡು ಪಿಂಪ್ರಿ ಅನ್ನುತ್ತಾರೆ.

ದೂರದ ಮಾತು ಯಾಕೆ, ಫ್ಲ್ಯಾಗ್ ಫುಟ್‌ಬಾಲ್ ಒಲಿಂಪಿಕ್ಸ್‌ಗೆ ಬಂದದ್ದೇ ನಮ್ಮ ಮುಂಬೈಯಲ್ಲಿ. 2023ರ ಅಕ್ಟೋಬರ್‌ನಲ್ಲಿ ಅಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸಭೆಯಲ್ಲಿ, 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ ಸೇರಿದ ದಿನವೇ ಇದೂ ಸೇರಿತು. ಕ್ರಿಕೆಟ್ ಸುದ್ದಿಯ ಗದ್ದಲದಲ್ಲಿ ಇದು ಯಾರಿಗೂ ಕೇಳಿಸಲಿಲ್ಲ, ಅಷ್ಟೆ. ಆ ಆಟದಲ್ಲಿ ಐದೈದು ಜನ, ಗಂಡು ಹೆಣ್ಣು ಎರಡೂ ತಂಡಗಳಿವೆ. ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರು ಗೆರೆಯಿಂದ 7 ಗಜ ಹಿಂದಿನಿಂದ ಹೊರಡಬೇಕು ಅನ್ನುವುದು ಅಲ್ಲಿ ನಿಯಮ. ಅಂದರೆ ಗೆರೆಯ ಮೇಲೆ ನಿಂತು ಎಲ್ಲರೂ ಒಟ್ಟಿಗೆ ಬೀಳುವ ವಿದ್ಯೆಗೆ ಅಲ್ಲಿ ಕಾಸಿನ ಬೆಲೆ ಇಲ್ಲ. ಯಾವ ಕೋನದಲ್ಲಿ ಓಡಬೇಕು, ಅವಳು ಎಡಗೈಯವಳಾದರೆ ಯಾವ ಬದಿಯಿಂದ ಬರಬೇಕು, ಹಿಂದಿರುವ ನಾಲ್ವರು ಆಗ ಎಲ್ಲಿರಬೇಕು, ಇಷ್ಟೇ ಆಟ. ನಮ್ಮ ಟೂರ್ನಮೆಂಟಿನವರು ಕೊಟ್ಟ ಒಂದು ಹಾಳೆಯ ನಿಯಮದಲ್ಲಿ ಈ 7 ಗಜದ ಮಾತೇ ಬಿಟ್ಟುಹೋಗಿದೆ. ಕಪ್ಪು ಮಾತ್ರ ಮಗುವಿನ ಎದೆಯೆತ್ತರ ಇತ್ತು.

ಆಯೋಜಕರಲ್ಲಿ ನನ್ನದು ಇಷ್ಟೇ ಕೋರಿಕೆ. ಹತ್ತು ವರ್ಷದೊಳಗಿನವರಿಗೆ ಒಬ್ಬರೇ ನುಗ್ಗಲಿ, ಅದೂ 7 ಗಜ ಹಿಂದಿನಿಂದ. ಹದಿಮೂರರೊಳಗಿನವರಿಗೆ ಏಳು ಜನರ ಆಟದಲ್ಲಿ ಮೂವರ ಮೇಲೆ ಬೇಡ. ಅದಕ್ಕಿಂತ ದೊಡ್ಡವರಿಗೆ ಬಿಟ್ಟುಬಿಡಿ, ಏಳು ಜನರನ್ನು ಬೇಕಾದರೂ ಕಳಿಸಲಿ, ಅಷ್ಟು ಹೊತ್ತಿಗೆ ಎದುರಿನವರಿಗೂ ಉತ್ತರ ಕೊಡಲು ಕೈ ಬಲಿತಿರುತ್ತದೆ. ಇನ್ನೊಂದು, ಪಾಲಕರು ಗೆರೆಯಿಂದ ಹತ್ತು ಹೆಜ್ಜೆ ಆಚೆ ಕೂರಲಿ. ಕೂಗುವುದಾದರೆ ಚಪ್ಪಾಳೆ ಹೊಡೆಯಲಿ, ಹೆಸರು ಕೂಗಲಿ. ಹೋಗು, ಬಾ, ಹಿಡಿ ಅನ್ನುವುದು ಬೇಡ. ಇದರಲ್ಲಿ ನಮ್ಮ ಮನೆಯವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ಅವರೂ ಏನು ಕಡಿಮೆ ಇಲ್ಲ.

ಪಿಂಪ್ರಿಯ ಮಹನೀಯರು ಪತ್ರದ ಕೊನೆಯಲ್ಲಿ, ಮುಂದಿನ ಸೀಸನ್‌ನಿಂದ ಮಗನನ್ನು ಬೇರೆ ಕಡೆ ಹಾಕುತ್ತೇನೆ ಅಂತ ಬರೆದಿದ್ದಾರೆ. ಅದು ಅವರ ಇಷ್ಟ. ಆದರೆ ಈ ಭಾನುವಾರ ಹುಡುಗ ಸೈಕಲ್ ಹೊಡೆದುಕೊಂಡು ತಾನೇ ಬಂದಿದ್ದ. ಎಡಬದಿಯ ಜಾಗ ತನಗೇ ಬೇಕು, ಬೇರೆ ಯಾರಿಗೂ ಕೊಡಬೇಡಿ ಅಕ್ಕಾ ಅಂದ. ಕೊಟ್ಟಿದ್ದೇನೆ. ಮಾಪಿನ ಕೋಲು ಮುರಿದಿದೆ, ಬರುವಾಗ ಮನೆಯಲ್ಲಿ ಹಳೆಯದೊಂದು ಇದ್ದರೆ ತಾ ಅಂತಲೂ ಹೇಳಿ ಕಳಿಸಿದ್ದೇನೆ.

ಇಂತಿ ನಿಮ್ಮ ಓದುಗಾರ್ತಿ,
ನಿಗಡಿ ಪ್ರಾಧಿಕರಣ, ಪುಣೆ